ಫೇರ್‌ಫ್ಯಾಕ್ಸಿನಲ್ಲಿ ಒನ್ಸ್ ಮೋರ್

ಗಂಡನ ವೀಸಾದ ಬಾಲ ಹಿಡಿದುಕೊಂಡು ಅಮೆರಿಕಕ್ಕೆ ಬಂದ ಹೆಂಡತಿ ಸಂಬಳಕ್ಕೆ ದುಡಿಯಬಾರದು ಎಂದು ಆಗ ಕಾನೂನಿತ್ತು. ತೊಂಬತ್ತರ ದಶಕದ ನಡುವಿನ ಮಾತು ಇದು. ನಾವು ವಾಷಿಂಗ್ಟನ್ ಪಕ್ಕದ ಫೇರ್‌ಫ್ಯಾಕ್ಸಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಗಂಡ ಬೆಳಿಗ್ಗೆ ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ಕಿನೊಳಗೆ ಮಾಯವಾದರೆ ಸಂಜೆ ಅದೇ ಟ್ರಾಫಿಕ್ಕನ್ನು ಬೈದುಕೊಳ್ಳುತ್ತ ಬರುತ್ತಿದ್ದರು. ನಡುವಿನ ಹೊತ್ತಿನಲ್ಲಿ, ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿ ಬಂದ ನಾನು ಕಾರ್ಪೆಟ್ಟಿನ ಮೇಲೆ ವ್ಯಾಕ್ಯೂಮ್ ತಿರುಗಿಸಿ, ಅದು ಮತ್ತೆ ಕೊಳೆಯಾಗುವುದನ್ನೇ ಕಾಯುತ್ತ ಕೂತಿರುತ್ತಿದ್ದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕೆಲಸವಿಲ್ಲದೆ ಅದು ಇನ್ನಷ್ಟು ಬಲಿತು, ನೆಂಟರಿಷ್ಟರು ನನ್ನ ಮೂಡ್ ಹೇಗಿದೆ ಎಂದು ಗಂಡನನ್ನು ಕೇಳಿಕೊಂಡೇ ಫೋನ್ ಮಾಡುವ ಹಾಗಾಗಿತ್ತು.

ಸಂಬಳ ಬೇಡ ಎಂದವರಿಗೆ ಮಾತ್ರ ಎಲ್ಲ ಬಾಗಿಲೂ ತೆರೆಯುತ್ತಿತ್ತು. ಹಾಗೆ ಒಂದು ದಿನ ಆರೆಂಜ್ ಲೈನ್ ಮೆಟ್ರೋ ಹತ್ತಿ ವಾಷಿಂಗ್ಟನ್ನಿಗೆ ಹೋಗಿ, ಹಳೆಯ ಮೂಕಿ ಚಿತ್ರಗಳನ್ನು ತೋರಿಸುವ ಒಂದು ಸಣ್ಣ ಕ್ಲಬ್ಬಿಗೆ ವಾಲಂಟಿಯರ್ ಆಗಿ ಸೇರಿಕೊಂಡೆ. ಒಂದು ನೆಲಮಾಳಿಗೆಯ ಕೋಣೆ, ಒಂದು ಪ್ರೊಜೆಕ್ಟರ್, ಒಬ್ಬ ಪ್ರೊಫೆಸರ್. ಕ್ಲಬ್ಬು ಎಂದರೆ ಅಷ್ಟೆ. ಪ್ರೊಫೆಸರಿಗೆ ಜುಟ್ಟಿತ್ತು, ನಮ್ಮ ಕಡೆಯ ವೈದಿಕರದಕ್ಕಿಂತ ಉದ್ದ, ಅವರದಕ್ಕಿಂತ ಹೆಚ್ಚು ಮಡಿ. ಮೂಕಿ ಚಿತ್ರ ಎಂದರೆ ಅವರಿಗೆ ಪೂಜೆ. ಸಂಗೀತ ಹಾಕಬಾರದು, ಕೆಮ್ಮಬಾರದು. ಚಿಪ್ಸ್ ಪೊಟ್ಟಣ ಬಿಚ್ಚಿದ ಒಬ್ಬನನ್ನು ಅವರು ಹೊರಗೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ನೋಡಲು ಬರುತ್ತಿದ್ದವರು ಬೆರಳೆಣಿಕೆಯ ಗಡ್ಡದವರು. ಕತ್ತಲಲ್ಲಿ ಅವರು ಏನನ್ನೋ ಗೀಚಿಕೊಳ್ಳುತ್ತಿದ್ದರು, ಮುಗಿದ ಮೇಲೆ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಿದ್ದರು.

ಸಿನಿಮಾಕ್ಕೆ ಮುಂಚೆ ನಿರ್ದೇಶಕನ ಪರಿಚಯ ಹೇಳುವುದು ನನ್ನ ಕೆಲಸ. ಇತಿಹಾಸ ಓದಿದ್ದಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿತ್ತು. ಆ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದವನು ಡೆನ್ಮಾರ್ಕಿನ ಒಬ್ಬ ನಿರ್ದೇಶಕ, ಸಿನಿಮಾ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದವನು. ಒಂದು ಪುಸ್ತಕದ ಪ್ರಕಾರ ಅವನು ನಾಟಕದವರಿಗೆ ವಿಗ್ ಕಟ್ಟಿಕೊಡುತ್ತಿದ್ದವನ ಮಗ. ಇನ್ನೊಂದರ ಪ್ರಕಾರ ಪಾದ್ರಿಯ ಮಗ. ಪಾದ್ರಿಗಿಂತ ವಿಗ್ ವಾಸಿ ಎಂದು ನಾನು ವಿಗ್ಗನ್ನೇ ಇಟ್ಟುಕೊಂಡೆ. ಹುಡುಗನಾಗಿದ್ದಾಗಲೇ ಅವನು ಊರೂರು ತಿರುಗುವ ಟೆಂಟ್ ಸಿನಿಮಾದವರ ಜೊತೆ ಸೇರಿಕೊಂಡ. ಪರದೆಯ ಪಕ್ಕ ಕೋಲು ಹಿಡಿದು ನಿಂತು, ಇಗೋ ಕಳ್ಳ ಬಂದ, ಇಗೋ ಪೊಲೀಸು ಬಂದ ಎಂದು ಜನರಿಗೆ ಕಥೆ ಹೇಳುವುದು ಅವನ ಕೆಲಸವಾಗಿತ್ತು. ಆಮೇಲೆ ಒಂದು ದಿನ ಕೋಪನ್‌ಹೇಗನ್ನಿನ ಸ್ಟುಡಿಯೋಗೆ ವಿಗ್ ಕೊಟ್ಟು ಬರಲು ಹೋದ. ಅಲ್ಲಿನ ನಿರ್ದೇಶಕನಿಗೆ ಅವತ್ತು ಹಲ್ಲುನೋವು. ವಿಗ್ ತಂದವನೇ ನಿರ್ದೇಶಕನಾಗಿಬಿಟ್ಟ.

ಆಗಿನ ಸಿನಿಮಾ ಅಷ್ಟು ಸಲೀಸು. ಸೋಮವಾರ ಕಥೆ ಹುಟ್ಟಿದರೆ ಶನಿವಾರ ಪ್ರಿಂಟು ಹೊರಡುತ್ತಿತ್ತು. ಸ್ಟುಡಿಯೋಗೆ ಗಾಜಿನ ಸೂರು, ಬಿಸಿಲೇ ದೀಪ. ಮೋಡ ಕವಿದರೆ ನಾಯಕ ನಾಯಕಿ ಇಬ್ಬರೂ ಇಸ್ಪೀಟಾಡುತ್ತ ಕೂರಬೇಕು. ನಮ್ಮವನು ಹೀಗೆ ಲೆಕ್ಕವಿಲ್ಲದಷ್ಟು ಚಿತ್ರ ಮಾಡಿದ. ಮೊದಲ ಮಹಾಯುದ್ಧ ಬಂದು ಮಾರುಕಟ್ಟೆ ಬಿತ್ತು. ಆಮೇಲೆ ಸಿನಿಮಾಕ್ಕೆ ಮಾತು ಬಂತು, ಅವನನ್ನು ಮಾತಾಡಿಸುವವರು ಇಲ್ಲವಾದರು. ಹೆಂಡತಿ, ಮಗಳನ್ನು ಕಟ್ಟಿಕೊಂಡು ಅಮೆರಿಕಕ್ಕೆ ಬಂದು, ಬಾಲ್ಟಿಮೋರಿನ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಗಾಜಿನ ಹಿಂದಿನ ಬೊಂಬೆಗಳಿಗೆ ಕೋಟು ತೊಡಿಸುವ ಕೆಲಸಕ್ಕೆ ಸೇರಿದ. ಸಾಯುವ ತನಕ ಅದನ್ನೇ ಮಾಡಿದ. ಇದನ್ನು ಓದಿದ ದಿನ ನನಗೆ ಅಳು ಬಂತು. ಕಲಿತದ್ದು ಒಂದು, ಮಾಡುವುದು ಒಂದು ಎಂಬ ಕಷ್ಟ ನನಗೂ ಗೊತ್ತಿತ್ತಲ್ಲ.

ಅವನ ಚಿತ್ರಗಳಲ್ಲಿ ಇಡಿಯಾಗಿ ಉಳಿದಿದ್ದು ಒಂದೇ, ಅದೂ ರಷ್ಯಾದಲ್ಲಿ ಸಿಕ್ಕಿದ್ದು. ಆ ಕಾಲದಲ್ಲಿ ಡೆನ್ಮಾರ್ಕಿನವರು ರಷ್ಯಾಕ್ಕೆ ಕಳಿಸುವ ಪ್ರತಿಗೆ ಬೇರೆ ಕೊನೆ ಅಂಟಿಸುತ್ತಿದ್ದರಂತೆ. ಊರಿನ ಪ್ರತಿಯಲ್ಲಿ ಮದುವೆಯಾಗುವ ನಾಯಕ ರಷ್ಯಾದ ಪ್ರತಿಯಲ್ಲಿ ಸಾಯಬೇಕು. ಅಲ್ಲಿಯವರಿಗೆ ಅಳದಿದ್ದರೆ ಟಿಕೆಟ್ಟಿನ ದುಡ್ಡು ದಂಡವಾದಂತೆ. ಹಾಗಾಗಿ ಉಳಿದ ಈ ಪ್ರತಿಯಲ್ಲಿ ನಾಯಕ ಕೊನೆಗೆ ನೀರಿಗೆ ಬಿದ್ದು ಸಾಯುತ್ತಾನೆ. ಇದೊಂದನ್ನೇ ನೋಡಿದ ವಿದ್ವಾಂಸರು ಅವನನ್ನು ವಿಷಾದದ ಮಹಾನ್ ಕಲಾವಿದ ಎಂದು ಕರೆದರು. ನಮ್ಮ ಪ್ರೊಫೆಸರ್ ಆ ವಿಷಾದದ ಮೇಲೆ ಒಂದು ದೊಡ್ಡ ಲೇಖನವನ್ನೇ ಬರೆದಿದ್ದರು.

ಪ್ರದರ್ಶನದ ಸುದ್ದಿ ಕೇಳಿ ನಿರ್ದೇಶಕನ ಮಗಳು ಕ್ಲಬ್ಬಿಗೆ ಬಂದರು. ಎಂಬತ್ತು ದಾಟಿದ ಹೆಂಗಸು, ಹತ್ತಿರದ ಸಿಲ್ವರ್ ಸ್ಪ್ರಿಂಗಿನಲ್ಲಿ ಒಬ್ಬರೇ ಇದ್ದರು. ನೆಟ್ಟನೆಯ ನಿಲುವು, ಮೋಡವಿಲ್ಲದ ದಿನವೂ ಕೈಯಲ್ಲಿ ಕೊಡೆ. ಆಯುಷ್ಯವೆಲ್ಲ ಒಂದು ಆಸ್ಪತ್ರೆಯಲ್ಲಿ ನರ್ಸುಗಳ ಮೇಲ್ವಿಚಾರಕಿಯಾಗಿದ್ದವರಂತೆ. ಅವರ ಎದುರು ಪ್ರೊಫೆಸರ್ ಕೂಡ ಬೆನ್ನು ನೇರ ಮಾಡಿ ಕೂತರು.

“ಜನ ನಗುತ್ತಾರೆಯೇ?” ಎಂದು ಅವರು ಕೇಳಿದರು.

ಪ್ರೊಫೆಸರಿಗೆ ಅರ್ಥವಾಗಲಿಲ್ಲ. “ಇದು ದುರಂತ ಚಿತ್ರವಲ್ಲವೇ?” ಎಂದರು.

“ಇದು ನಗೆಯ ಚಿತ್ರ ಎಂದು ನಮ್ಮ ತಂದೆ ಸಾಯುವ ತನಕ ಹೇಳುತ್ತಿದ್ದರು. ಜನ ನಕ್ಕು ನಕ್ಕು ಬೆಂಚಿನಿಂದ ಕೆಳಗೆ ಬೀಳುತ್ತಿದ್ದರಂತೆ. ನಾನು ಇದನ್ನು ಬೇರೆ ಬೇರೆ ಊರುಗಳಲ್ಲಿ ನೋಡಿದ್ದೇನೆ. ಎಲ್ಲೂ ಒಬ್ಬರೂ ನಗಲಿಲ್ಲ. ನನಗೂ ನಗು ಬರಲಿಲ್ಲ.” ಅವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. “ನಮ್ಮ ತಂದೆ ಸುಳ್ಳು ಹೇಳುತ್ತಿದ್ದರೋ ಏನೋ. ಅದೊಂದು ತಿಳಿದರೆ ಸಾಕು ನನಗೆ.”

ಪ್ರೊಫೆಸರ್ ಏನೋ ಸಮಾಧಾನದ ಮಾತಾಡಿದರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಆ ಗಡ್ಡದವರ ನಡುವೆ ಕೂತರೆ ಯಾವ ಮನುಷ್ಯನಿಗೆ ತಾನೆ ನಗು ಬಂದೀತು? ಆ ಸಿಟ್ಟಿನಲ್ಲೇ, “ಮೇಡಂ, ನಾನು ತುಂಬಿದ ಹಾಲ್‌ನಲ್ಲಿ ನಿಮಗೆ ಈ ಸಿನಿಮಾ ತೋರಿಸುತ್ತೇನೆ,” ಎಂದುಬಿಟ್ಟೆ. ಹೇಳಿದ ಮೇಲೆ, ತುಂಬುವುದು ಯಾರಿಂದ ಎಂದು ಯೋಚಿಸುತ್ತ ಟ್ರೈನ್ ಹತ್ತಿದೆ.

ಉತ್ತರ ಮನೆಯ ಸೋಫಾದ ಮೇಲೇ ಕೂತಿತ್ತು. ನಮ್ಮತ್ತೆ ಆ ಬೇಸಿಗೆಗೆ ಮೈಸೂರಿನಿಂದ ಬಂದಿದ್ದರು. ಅವರೊಬ್ಬರೇ ಅಲ್ಲ. ಶಾಲೆಗೆ ರಜೆ ಬಂತೆಂದರೆ ಫೇರ್‌ಫ್ಯಾಕ್ಸಿನ ಅರ್ಧ ಕನ್ನಡ ಮನೆಗಳಲ್ಲಿ ಅಪ್ಪಂದಿರು ಅಮ್ಮಂದಿರು ಬಂದಿಳಿಯುತ್ತಿದ್ದರು. ನಯಾಗರ ಮುಗಿಯುತ್ತಿತ್ತು, ದೇವಸ್ಥಾನ ಮುಗಿಯುತ್ತಿತ್ತು. ಆಮೇಲೆ ಮಗನ ಕಾರು ಬರುವ ತನಕ ಕಿಟಕಿಯಲ್ಲಿ ಅಳಿಲು ನೋಡುತ್ತ ಕೂರಬೇಕು. ಟೀವಿ ಹಾಕಿದರೆ ಇಂಗ್ಲಿಷು. “ಇಲ್ಲಿ ಎಲ್ಲಾ ಇದೆ ಕಣೆ, ನಿಂತ್ಕೊಂಡು ಮಾತಾಡಕ್ಕೆ ಒಂದು ಕಾಂಪೌಂಡ್ ಗೋಡೆ ಇಲ್ಲ,” ಎಂದು ನಮ್ಮತ್ತೆ ದಿನಕ್ಕೊಮ್ಮೆ ಹೇಳುತ್ತಿದ್ದರು.

ನಾನು ಕನ್ನಡ ಕೂಟದ ಫೋನ್ ನಂಬರುಗಳನ್ನು ಹರವಿಕೊಂಡು ಕೂತೆ.

“ಆಂಟಿ, ಶನಿವಾರ ಮಧ್ಯಾಹ್ನ ಒಂದು ಸಿನಿಮಾ ತೋರಿಸ್ತಿದೀವಿ, ನಿಮ್ಮತ್ತೆ ಮಾವನ್ನ ಕರ್ಕೊಂಡ್ ಬನ್ನಿ.”

“ಇಂಗ್ಲಿಷ್ ಮೂವೀನಾ? ಅವ್ರಿಗೆ ಫಾಲೋ ಆಗಲ್ಲ ಕಣಮ್ಮ.”

“ಭಾಷೇನೇ ಇಲ್ಲ ಆಂಟಿ. ಮೂಕಿ.”

ಅತ್ತ ಕಡೆ ಯಾರಿಗೋ ಹೇಳುವ ದನಿ: “ಅತ್ತೆ, ಇಂಗ್ಲಿಷ್ ಇಲ್ದೆ ಇರೋ ಪಿಕ್ಚರ್ ಅಂತೆ.” ಇನ್ನೂ ದೂರದಿಂದ, “ಎಷ್ಟೊತ್ತಿಗೆ ಹೊರಡ್ಬೇಕಂತೆ?” ಎಂಬ ಪ್ರಶ್ನೆ. ಪ್ರತಿ ಮನೆಯಲ್ಲೂ ಇದೇ ಆಯಿತು. ಕೊನೆಯ ಪ್ರಶ್ನೆ ಊಟದ್ದು. ಪಾಟ್‌ಲಕ್, ಮನೆಗೊಂದು ಅಡುಗೆ ತರುವುದು ಎಂದೆ. ಬಿಸಿಬೇಳೆಬಾತ್ ನಮ್ಮ ಮನೆಯದು, ಮೊಸರನ್ನ ಹಾಸನದ ನಿವೃತ್ತ ಹೆಡ್ಮಾಸ್ಟರರ ಸೊಸೆಯದು ಎಂದು ತೀರ್ಮಾನವಾಯಿತು.

ಸಿನಿಮಾ ತೋರಿಸುವ ಹಾಲ್ ಮಾತ್ರ ಫೇರ್‌ಫ್ಯಾಕ್ಸಿನಲ್ಲೇ ಆಗಬೇಕಿತ್ತು. ನಮ್ಮ ಹಿರಿಯರು ಪಾರ್ಕಿಂಗ್ ಇಲ್ಲದ ಕಡೆಗೆ ದೇವರು ಕರೆದರೂ ಹೋಗುವವರಲ್ಲ. ಲೈಬ್ರರಿಯ ಸಮುದಾಯ ಕೋಣೆ ಸಿಕ್ಕಿತು. ಪ್ರೊಫೆಸರ್ ಅನುಮಾನದಿಂದಲೇ ಒಪ್ಪಿದರು. “ಇಷ್ಟೊಂದು ಜನಕ್ಕೆ ಈ ನಿರ್ದೇಶಕನ ಮೇಲೆ ಆಸಕ್ತಿಯಿದೆಯೇ?” ಎಂದು ಕೇಳಿದರು. “ಬಹಳ,” ಎಂದೆ.

ಎರಡು ಗಂಟೆಗೆ ಸಿನಿಮಾ. ಎರಡು ಗಂಟೆಗೆ ಕೋಣೆಯಲ್ಲಿದ್ದವರು ಪ್ರೊಫೆಸರ್, ಮುಂದಿನ ಸಾಲಿನಲ್ಲಿ ಕೊಡೆ ಹಿಡಿದು ಕೂತ ನಿರ್ದೇಶಕನ ಮಗಳು, ನಾನು, ಮತ್ತು ನನ್ನ ಬಲವಂತಕ್ಕೆ ಬಂದಿದ್ದ ನಮ್ಮತ್ತೆ. ಪ್ರೊಫೆಸರ್ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಮಗಳು ಮಾತ್ರ ಬಿಳಿ ಪರದೆಯನ್ನೇ ನೋಡುತ್ತಿದ್ದರು. ಮೂರಕ್ಕೆ ಸ್ವಲ್ಪ ಮುಂಚೆ ಹೊರಗೆ ಒಂದು ವ್ಯಾನ್ ನಿಂತಿತು, ಅದರ ಹಿಂದೆ ಇನ್ನೊಂದು. ರೇಷ್ಮೆ ಸೀರೆ ಮತ್ತು ಬಿಳಿ ಸ್ನೀಕರ್ಸ್ ಹಾಕಿದ ಅಜ್ಜಿಯರು, ಮಂಕಿ ಕ್ಯಾಪ್ ಹಾಕಿದ ತಾತಂದಿರು, ಬಿಸಿಯಾಗಿದ್ದ ಪಾತ್ರೆಗಳನ್ನು ಟವೆಲಿನಲ್ಲಿ ಹಿಡಿದ ಸೊಸೆಯರು ಒಳಗೆ ಬಂದರು. ಎ.ಸಿ. ಜೋರಾಗಿದೆ ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು. ಕುರ್ಚಿ ಸಾಲದೆ ಕೆಲವರು ಜಮಖಾನ ಕೇಳಿದರು.

ನಾನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನಿರ್ದೇಶಕನ ಪರಿಚಯ ಹೇಳಿದೆ. ಮಗಳು ಅಲ್ಲೇ ಕೂತಿದ್ದಾರೆಂದು ತಿಳಿದು ಎಲ್ಲರೂ ಅವರಿಗೆ ಕೂತಲ್ಲಿಂದಲೇ ಕೈಮುಗಿದರು. ಆಮೇಲೆ ಪ್ರೊಫೆಸರ್ ಎದ್ದು, ಚಿತ್ರ ನಡೆಯುವಾಗ ದಯವಿಟ್ಟು ಸದ್ದು ಮಾಡಬೇಡಿ ಎಂದರು. ಅಲ್ಲಿಗೆ ನನ್ನ ಯೋಜನೆಗೆ ಕಲ್ಲು ಬಿತ್ತು. ನಮ್ಮ ಹಿರಿಯರು ಸ್ವಂತ ಮಕ್ಕಳ ಮಾತು ಕೇಳುವುದಿಲ್ಲ, ಆದರೆ ಸೂಟು ಹಾಕಿದ ಪ್ರೊಫೆಸರೊಬ್ಬರು ಸುಮ್ಮನಿರಿ ಎಂದರೆ ಉಸಿರನ್ನೂ ಅಳೆದು ಬಿಡುತ್ತಾರೆ.

ಕಥೆ ಸರಳ. ಒಬ್ಬ ಗುಮಾಸ್ತ, ಅವತ್ತು ಅವನ ಮದುವೆ. ಬೆಳಗಿನಿಂದ ಒಂದಲ್ಲ ಒಂದು ಅಡ್ಡಿ ಬಂದು ಅವನು ಚರ್ಚಿಗೆ ಹೋಗಿ ಮುಟ್ಟುವುದೇ ಆಗುವುದಿಲ್ಲ. ಮುಖದಲ್ಲಿ ಮಾತ್ರ ಶ್ರಾದ್ಧಕ್ಕೆ ಹೊರಟವನ ಗಾಂಭೀರ್ಯ. ಕ್ಷೌರ ಮಾಡಿಕೊಳ್ಳುವಾಗ ಕನ್ನಡಿ ಬಿತ್ತು, ಯಾರೂ ನಗಲಿಲ್ಲ. ಕೋಟಿನ ತೋಳಿನೊಳಗೆ ಬೆಕ್ಕು ಸೇರಿತು, ಯಾರೂ ನಗಲಿಲ್ಲ. ಪ್ರೊಜೆಕ್ಟರಿನ ಕಟಕಟ ಒಂದೇ ಕೇಳುತ್ತಿತ್ತು. ಮುಂದಿನ ಸಾಲಿನಲ್ಲಿ ಮಗಳ ಬೆನ್ನು ಇನ್ನೂ ಸೆಟೆದುಕೊಂಡಿತು. ಆ ಪ್ರೊಫೆಸರನ್ನು ಕೊಡೆಯಿಂದ ಬಾರಿಸಿದರೆ ಹೇಗೆ ಎಂದು ನಾನು ಕತ್ತಲಲ್ಲಿ ಯೋಚಿಸುತ್ತಿದ್ದೆ.

ಆಗ ಬೂಟಿನ ದೃಶ್ಯ ಬಂತು. ಮದುಮಗ ಒಂದು ಕಾಲಿಗೆ ಬೂಟು ಹಾಕಿಕೊಂಡಿದ್ದಾನೆ, ಇನ್ನೊಂದು ಬೂಟು ಕೈಯಲ್ಲಿದೆ, ಆದರೆ ಅದನ್ನೇ ಹುಡುಕುತ್ತಿದ್ದಾನೆ. ಕೈಯಲ್ಲಿರುವ ಬೂಟಿನಿಂದಲೇ ಕಿಟಕಿಯ ಪರದೆ ಸರಿಸಿ ನೋಡುತ್ತಾನೆ. ಅದರಿಂದಲೇ ಬೆನ್ನು ಕೆರೆದುಕೊಳ್ಳುತ್ತಾನೆ. ಅದನ್ನೇ ಬೀಸಿ ಬೆಕ್ಕನ್ನು ಓಡಿಸುತ್ತಾನೆ, ಬೂಟು ಕದ್ದಿದ್ದು ನೀನೇ ಎಂಬಂತೆ. ನನ್ನ ಪಕ್ಕದಲ್ಲಿ ನಮ್ಮತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಭುಜ ಅಲ್ಲಾಡುತ್ತಿತ್ತು. ಮದುಮಗ ಸೋತು, ಕೈಯಲ್ಲಿದ್ದ ಬೂಟನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು, ಒಂದು ಬರಿಗಾಲಿನಲ್ಲಿ ಹೊರಟ. ಅಷ್ಟಾದದ್ದೇ ತಡ, ನಮ್ಮತ್ತೆಗೆ ತಡೆಯಲಾಗಲಿಲ್ಲ.

“ಅಯ್ಯೋ ಮಂಕೆ, ಕೈಯಲ್ಲೇ ಇತ್ತಲ್ಲೋ,” ಎಂದು ಪರದೆಗೆ ಕೂಗಿ ಹೇಳಿದರು.

ಇಡೀ ಕೋಣೆ ಒಡೆದುಹೋಯಿತು. ಅಷ್ಟು ಹೊತ್ತು ತಡೆದಿಟ್ಟಿದ್ದ ನಗುವೆಲ್ಲ, ಕನ್ನಡಿಯದು, ಬೆಕ್ಕಿನದು, ಎಲ್ಲವೂ ಒಟ್ಟಿಗೆ ಬಂತು. ಒಬ್ಬ ಅಜ್ಜಿ ಪಕ್ಕದವರ ತೊಡೆಗೆ ರಪರಪ ಹೊಡೆಯುತ್ತಿದ್ದರು. ಒಬ್ಬ ತಾತನ ಹಲ್ಲಿನ ಸೆಟ್ಟು ಸಡಿಲವಾಯಿತು. ಆ ಗದ್ದಲದ ನಡುವೆ ಹಾಸನದ ಹೆಡ್ಮಾಸ್ಟರರು ಎದ್ದು ನಿಂತು, ಮಂಕಿ ಕ್ಯಾಪ್ ತೆಗೆದು, “ಒನ್ಸ್ ಮೋರ್” ಎಂದರು.

ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದು ಹಕ್ಕು. ಹಾಡು ಹಿಡಿಸಿದರೆ ಒನ್ಸ್ ಮೋರ್ ಎನ್ನಬೇಕು, ನಟ ಮತ್ತೆ ಹಾಡಬೇಕು. ಸತ್ತು ಬಿದ್ದ ಪಾತ್ರವಾದರೂ ಎದ್ದು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕು. ಹಿಂದಿನ ಸಾಲು, ಪಕ್ಕದ ಸಾಲು, ಎಲ್ಲ ಕಡೆಯಿಂದ ಒನ್ಸ್ ಮೋರ್ ಬಂತು. ಪ್ರೊಫೆಸರ್ ಎಲ್ಲೋ ಬೆಂಕಿ ಬಿತ್ತೆಂದು ಹೆದರಿ ಪ್ರೊಜೆಕ್ಟರ್ ನಿಲ್ಲಿಸಿದರು.

“ಏನಾಯಿತು? ಇವರಿಗೆ ಏನು ಬೇಕಂತೆ?”

“ಅದೇ ದೃಶ್ಯ ಇನ್ನೊಮ್ಮೆ ಬೇಕಂತೆ.”

“ಹಾಗೆಲ್ಲ ಮಾಡಲಾಗದು. ಇದೊಂದು ಕಲಾಕೃತಿ.”

ಮುಂದಿನ ಸಾಲಿನಿಂದ ಮಗಳು ತಿರುಗಿದರು. ಕೊಡೆಯ ತುದಿಯನ್ನು ಪ್ರೊಜೆಕ್ಟರಿನ ಕಡೆಗೆ ತೋರಿಸಿ, ನರ್ಸುಗಳಿಗೆ ಹೇಳುತ್ತಿದ್ದ ದನಿಯಲ್ಲೇ, “ತೋರಿಸಿ,” ಎಂದರು.

ಪ್ರೊಫೆಸರ್ ರೀಲನ್ನು ಹಿಂದಕ್ಕೆ ಓಡಿಸಿದರು, ಪ್ರೊಜೆಕ್ಟರಿನ ದೀಪ ಆರಿಸುವುದನ್ನು ಗಡಿಬಿಡಿಯಲ್ಲಿ ಮರೆತರು. ಪರದೆಯ ಮೇಲೆ ಮದುಮಗ ಹಿಂದು ಹಿಂದಕ್ಕೆ ನಡೆದು ಬಂದ. ಮೇಜಿನ ಮೇಲಿದ್ದ ಬೂಟು ತಾನಾಗಿಯೇ ಅವನ ಕೈಗೆ ಹಾರಿತು. ಬೆಕ್ಕು ಹಿಮ್ಮುಖವಾಗಿ ಓಡಿ ಬಂದು ಪೆಟ್ಟು ತಿಂದು ಶಾಂತವಾಯಿತು. ಇದು ಮೊದಲನೆಯದಕ್ಕಿಂತ ಭೇಷಾಗಿದೆ ಎಂದು ಹಿರಿಯರು ತೀರ್ಪು ಕೊಟ್ಟರು. ಹಿಂದೆ ಬಿಕ್ಕಳಿಕೆಯಂಥ ಸದ್ದು ಕೇಳಿ ತಿರುಗಿದರೆ, ಪ್ರೊಫೆಸರ್ ಪ್ರೊಜೆಕ್ಟರಿನ ಮೇಲೆ ಬಗ್ಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಪಾಪ, ಅಷ್ಟು ವರ್ಷ ಆ ಚಿತ್ರದ ಜೊತೆ ಬಾಳಿದವರಿಗೆ ಅವತ್ತು ಮೊದಲ ಸಲ ನಗು ಬಂದಿತ್ತು. ನನಗೆ ಅವರ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಅಲ್ಲಿಂದ ಮುಂದೆ ಸಿನಿಮಾ ನಮ್ಮವರ ಕೈಗೆ ಹೋಯಿತು. ಸೊಸೆಯರು ಪರದೆಯ ಮೇಲೆ ನಡುನಡುವೆ ಬರುತ್ತಿದ್ದ ಇಂಗ್ಲಿಷ್ ಬರಹ ಓದಿ ಕನ್ನಡದಲ್ಲಿ ಹೇಳಿದರು, ಅತ್ತೆಯರು ಅದನ್ನು ತಿದ್ದಿದರು. ಮದುವೆ ಹೆಣ್ಣಿನ ಅಪ್ಪ ಕಂಜೂಸು ಎಂದೂ, ಹುಡುಗ ಬೇರೆ ಸಂಬಂಧ ನೋಡುವುದು ಒಳ್ಳೆಯದು ಎಂದೂ ಮಾತುಕತೆಯಾಯಿತು. ನಾನು ಮಗಳ ಕಡೆ ನೋಡಿದೆ. ಅವರು ಕುರ್ಚಿಯನ್ನೇ ತಿರುಗಿಸಿಕೊಂಡು, ಪರದೆಗೆ ಬೆನ್ನು ಹಾಕಿ ಕೂತಿದ್ದರು. ಅಪ್ಪನ ಸಿನಿಮಾವನ್ನು ಅವರು ನೋಡುತ್ತಲೇ ಇರಲಿಲ್ಲ. ನಗುವ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.

ಕೊನೆಯಲ್ಲಿ ಮದುಮಗ ಸೇತುವೆಯಿಂದ ನೀರಿಗೆ ಬಿದ್ದ. ಟೋಪಿಯೊಂದೇ ತೇಲಿತು. ದೀಪ ಹತ್ತಿತು. ಯಾರೂ ಏಳಲಿಲ್ಲ.

“ಮುಗೀತು,” ಎಂದೆ.

“ಎದ್ದು ಬರ್ತಾನೆ ಇರಮ್ಮ, ಹೀರೋ ಅಲ್ವೇ,” ಎಂದರು ಹೆಡ್ಮಾಸ್ಟರರು. ಎಲ್ಲರೂ ಬಿಳಿ ಪರದೆಯನ್ನು ನೋಡುತ್ತ ಕಾದರು. ಊರಿನ ಪ್ರತಿಯಲ್ಲಿ ಅವನಿಗೆ ಮದುವೆಯಾಗುತ್ತದೆ, ಆ ಪ್ರತಿ ಸಿಕ್ಕಿಲ್ಲ ಎಂದು ನಾನು ಹೇಳಿದ ಮೇಲೆ, ಹಾಗಾದರೆ ಮದುವೆ ಆದ ಹಾಗೇ ಲೆಕ್ಕ ಎಂದು ಸಮಾಧಾನಪಟ್ಟು ಊಟಕ್ಕೆ ಎದ್ದರು.

ಬಿಸಿಬೇಳೆಬಾತಿನ ಪಾತ್ರೆಯ ಹಿಂದೆ ನಮ್ಮತ್ತೆ ನಿಂತಿದ್ದರು. ಮಗಳು ತಟ್ಟೆ ಹಿಡಿದು ಸಾಲಿನಲ್ಲಿ ಬಂದರು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ನಮ್ಮತ್ತೆ ಒಂದು ಕ್ಷಣ ಅವರ ಮುಖ ನೋಡಿದರು. ಆಮೇಲೆ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಸೌಟು ಹುಡುಕತೊಡಗಿದರು. ಪಾತ್ರೆಯ ಮುಚ್ಚಳ ಎತ್ತಿ ನೋಡಿದರು, ಸೌಟಿನಿಂದಲೇ ಚಿಪ್ಸ್ ಪೊಟ್ಟಣ ಸರಿಸಿ ನೋಡಿದರು, ಹೆಡ್ಮಾಸ್ಟರರ ಜೇಬಿನೊಳಗೆ ಬಗ್ಗಿ ನೋಡಿದರು. ಸಾಲಿನಲ್ಲಿದ್ದವರೆಲ್ಲ ಮತ್ತೆ ನಕ್ಕರು. ಆ ಹೆಂಗಸೂ ನಕ್ಕರು, ಜೋರಾಗಿ, ತಲೆ ಹಿಂದಕ್ಕೆ ಹಾಕಿ. ನಗುತ್ತ ನಗುತ್ತ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ನಾನು ಅವರನ್ನು ಕುರ್ಚಿಗೆ ಕರೆದುಕೊಂಡು ಹೋದೆ. ನಮ್ಮತ್ತೆ ಗಾಬರಿಯಾಗಿ ಸೌಟು ಬೇರೆಯವರಿಗೆ ಕೊಟ್ಟು ಹಿಂದೆಯೇ ಬಂದರು.

“ಬಾಲ್ಟಿಮೋರಿನಲ್ಲಿ ಭಾನುವಾರ ನಾನು ತಂದೆ ತಾಯಿಯ ಮನೆಗೆ ಊಟಕ್ಕೆ ಹೋಗುತ್ತಿದ್ದೆ,” ಎಂದು ಅವರು ತಟ್ಟೆ ನೋಡುತ್ತ ಹೇಳಿದರು. “ತಂದೆ ಉಪ್ಪಿನ ಡಬ್ಬಿಯನ್ನು ಕೈಯಲ್ಲಿ ಹಿಡಿದು ಉಪ್ಪು ಹುಡುಕುತ್ತಿದ್ದರು. ತಟ್ಟೆ ಎತ್ತಿ ನೋಡುತ್ತಿದ್ದರು, ಬ್ರೆಡ್ಡಿನ ಕೆಳಗೆ ನೋಡುತ್ತಿದ್ದರು. ನಿಮ್ಮ ಕೈಯಲ್ಲೇ ಇದೆ ಎಂದು ತಾಯಿ ಹೇಳುತ್ತಿದ್ದರು. ಮುಂದಿನ ವಾರ ಮತ್ತೆ ಹಾಗೇ. ನಾನು ನರ್ಸು. ಮರೆವಿನ ಕಾಯಿಲೆ ಶುರುವಾಗಿದೆ ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆ ಕೊಟ್ಟರು. ತಂದೆ ನನ್ನ ಮುಖವನ್ನೊಮ್ಮೆ ನೋಡಿ, ಅದನ್ನು ನುಂಗಿದರು. ಆಮೇಲೆ ಉಪ್ಪು ಹುಡುಕಲಿಲ್ಲ. ಔಷಧ ಹಿಡಿಯಿತು ಎಂದು ನಾನೂ ತಾಯಿಯೂ ಎಷ್ಟು ಸಂತೋಷಪಟ್ಟೆವು.”

ನಾನು ಇದನ್ನು ನಮ್ಮತ್ತೆಗೆ ಕನ್ನಡದಲ್ಲಿ ಹೇಳಿದೆ. “ಮನೆಯವ್ರನ್ನ ನಗಿಸ್ತಿದ್ರು ಪಾಪ,” ಎಂದು ಹೇಳಿ ನಮ್ಮತ್ತೆ ಅವರ ಬೆನ್ನು ಸವರಿದರು. ಪಕ್ಕದ ಮೇಜಿನಲ್ಲಿ ಮೊಸರನ್ನಕ್ಕೆ ಇಂಗು ಜಾಸ್ತಿಯಾಯಿತೆಂದು ಚರ್ಚೆ ನಡೆಯುತ್ತಿತ್ತು. ಆ ಹೆಂಗಸು ಪ್ಲಾಸ್ಟಿಕ್ ಚಮಚ ಕೈಗೆತ್ತಿಕೊಂಡು, ತಟ್ಟೆಯ ಕೆಳಗೆ ಬಗ್ಗಿ ನೋಡಿದರು. ನ್ಯಾಪ್‌ಕಿನ್ ಎತ್ತಿ ನೋಡಿದರು. ಚಮಚದಿಂದಲೇ ಕೊಡೆಯ ಮಡಿಕೆ ಬಿಡಿಸಿ ಒಳಗೆ ಇಣುಕಿದರು.

“ಮೇಡಂ, ನಿಮ್ಮ ಕೈ—” ಎಂದು ನಾನು ಬಾಯಿ ತೆರೆದೆ.

ನಮ್ಮತ್ತೆ ಮೇಜಿನ ಕೆಳಗೆ ನನ್ನ ತೊಡೆಯನ್ನು ಬಲವಾಗಿ ಚಿವುಟಿದರು. ಆಮೇಲೆ ಎಲ್ಲರಿಗಿಂತ ಮೊದಲು ತಾವೇ ನಕ್ಕರು.